ಒಳನಂಟು

ಕಂಪ್ಯೂಟರ್ ಪ್ರೋಗ್ರಾಮಿನ ವಿಷಯವಾಗಿ ಕನ್ನಡ ಪಂಡಿತರು ಬರೆಯಹೊರಟರೆ ಓದುಗರಿಗೆ ನಗು ಬರುವುದು ಸಹಜ. ಸಂಧಿ ಸಮಾಸಗಳನ್ನು ಬಿಡಿಸಿಕೊಂಡು ಇರಬೇಕಾದ ನಮಗೆ ಆ ಕಡೆ ಏನು ಕೆಲಸ ಎಂದು ಕೇಳಲೂಬಹುದು. ಆದರೆ ನಮ್ಮ ಶಾಲೆಯ ಗ್ರಂಥಾಲಯವನ್ನು ನೋಡಿಕೊಳ್ಳುವ ಕೆಲಸ ಹಲವು ವರ್ಷಗಳಿಂದ ನಮ್ಮ ಪಾಲಿಗೆ ಬಂದಿದೆ. ಗ್ರಂಥಾಲಯಕ್ಕೆ ಕಂಪ್ಯೂಟರೂ ಬಂದಿದೆ. ಹೀಗೆ ಒಂದೇ ಮೇಜಿನ ಮೇಲೆ ವ್ಯಾಕರಣವೂ ಕಂಪ್ಯೂಟರೂ ಕೂಡಿಕೊಂಡದ್ದರಿಂದ ನಮಗೆ ತಿಳಿದುಬಂದ ಒಂದು ವಿಷಯವನ್ನು ಈ ಸಲದ ಸಂಚಿಕೆಗೆ ಬರೆಯುತ್ತಿದ್ದೇವೆ. ಆ ವಿಷಯಕ್ಕೆ ಇಂಗ್ಲಿಷಿನಲ್ಲಿ ಕೊಹೀಶನ್ ಎಂಬ ಹೆಸರು. ಸಂಸಕ್ತಿ ಎಂಬ ಸಂಸ್ಕೃತ ಪದವೂ ಉಂಟು. ನಮ್ಮ ಮಕ್ಕಳ ಎದುರು ನಾವು ಅದನ್ನು ಒಳನಂಟು ಎಂದು ಕರೆಯುತ್ತಿದ್ದೇವೆ.

ಬರೆಯಲು ಇನ್ನೊಂದು ಕಾರಣವೂ ಇದೆ. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಪ್ರತಿವರ್ಷ ಯಾರಾದರೊಬ್ಬರು ಹೆತ್ತವರು ಮೆಲ್ಲನೆ ಹತ್ತಿರ ಬಂದು, “ಕನ್ನಡ ಮಾಧ್ಯಮದಲ್ಲಿ ಓದಿದರೆ ಮುಂದೆ ಕಂಪ್ಯೂಟರ್ ಕಲಿಯಲಿಕ್ಕೆ ತೊಂದರೆ ಆಗುವುದಿಲ್ಲವಾ ಮಾಷ್ಟ್ರೇ?” ಎಂದು ಕೇಳುತ್ತಾರೆ. ನಾವು ಓದಿದ ಶಾಲೆಯಲ್ಲಿ ಒಂದು ಗೋಡೆಯ ಈಚೆ ಕನ್ನಡ ವಿಭಾಗ, ಆಚೆ ಮಲಯಾಳ ವಿಭಾಗ. ಎರಡು ನುಡಿಗಳನ್ನೂ ಕೇಳುತ್ತ ಬೆಳೆದು, ಕಾಲೇಜಿಗೆ ಹೋದಾಗ ಎಲ್ಲವೂ ಇಂಗ್ಲಿಷಾಯಿತು. ಅರ್ಥವಾಗದ ಪದವೊಂದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬರುವುದೆಂದರೆ ಏನೆಂಬುದು ನಮಗೆ ಗೊತ್ತು. ಆದ್ದರಿಂದ ಆ ಹೆತ್ತವರ ಅಳುಕನ್ನು ಹಗುರವಾಗಿ ಕಾಣಲಾರೆವು. ಕೇರಳದ ಶಾಲೆಗಳಿಗೆ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಬಂತು. ಅದೇ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಕಂಪ್ಯೂಟರಿನ ಪಾಠಪುಸ್ತಕ ನಮ್ಮ ಮಕ್ಕಳ ಕೈಗೆ ಕನ್ನಡದಲ್ಲಿಯೇ ಬರುತ್ತದೆ. ಪುಸ್ತಕ ಬಂದರೆ ಸಾಕೆ? ಅದರೊಳಗಿನ ವಿಚಾರ ನಮ್ಮ ಮಾತಿಗೆ ಒಗ್ಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಒಂದು ವಿಚಾರದ ಮಟ್ಟಿಗಾದರೂ ಅದನ್ನು ಪರೀಕ್ಷಿಸಿ ನೋಡೋಣ.

ಮೊದಲು ಗ್ರಂಥಾಲಯದ ಕಥೆ. 2018ರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪೈಥಾನ್ ಭಾಷೆಯಲ್ಲಿ ಗ್ರಂಥಾಲಯಕ್ಕೊಂದು ಪ್ರೋಗ್ರಾಮು ಬರೆದುಕೊಟ್ಟ. ಪುಸ್ತಕ ಕೊಡುವುದು, ಹಿಂದಕ್ಕೆ ಪಡೆಯುವುದು, ತಡವಾದರೆ ದಿನಕ್ಕೆ ಐವತ್ತು ಪೈಸೆ ದಂಡ ಲೆಕ್ಕ ಹಾಕುವುದು, ತಿಂಗಳ ಕೊನೆಗೆ ಬಾಕಿಯವರ ಪಟ್ಟಿ, ಶಾಲೆ ಬಿಡುವವರಿಗೆ ಬಾಕಿ ಇಲ್ಲವೆಂಬ ಚೀಟಿ — ಇಷ್ಟೂ ಅದರಲ್ಲಿತ್ತು. ಆ ವಯಸ್ಸಿನ ಹುಡುಗ ಅಷ್ಟು ಮಾಡಿದ್ದು ಸಣ್ಣ ಸಂಗತಿಯಲ್ಲ. ಎರಡು ವರ್ಷ ಅದು ಗಡಿಯಾರದಂತೆ ನಡೆಯಿತು.

2020ರ ಮಾರ್ಚಿನಲ್ಲಿ ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದವು. ಐದನೆಯ ತರಗತಿಯ ಹುಡುಗಿಯೊಬ್ಬಳ ಕೈಯಲ್ಲಿ ಆಗ ಒಂದು ಕಥೆಪುಸ್ತಕ ಉಳಿಯಿತು. ಮರಳಿಸಬೇಕಾಗಿದ್ದ ದಿನ ಮಾರ್ಚ್ 16. ಆಕೆ ಅದನ್ನು ತಂದುಕೊಟ್ಟದ್ದು ಶಾಲೆ ಮತ್ತೆ ತೆರೆದ ಮೇಲೆ, 2021ರ ನವೆಂಬರ್ 15ರಂದು. ಹಳೆಯ ಕ್ಯಾಲೆಂಡರಿನ ಕಾಗದದಲ್ಲಿ ಬೈಂಡು ಹಾಕಿ, ಒಂದು ಮೂಲೆಯೂ ಮಡಚದಂತೆ ಇಟ್ಟುಕೊಂಡಿದ್ದಳು. ಕಂಪ್ಯೂಟರು ಹೇಳಿತು: 609 ದಿನ ತಡ, ದಂಡ 304 ರೂಪಾಯಿ 50 ಪೈಸೆ. ಪುಸ್ತಕದ ಬೆಲೆ ಅರುವತ್ತು ರೂಪಾಯಿ!

ನಾವೆಲ್ಲ ನಕ್ಕು, ಮುಚ್ಚಿದ್ದ ದಿನಗಳಿಗೆ ದಂಡವಿಲ್ಲವೆಂದು ಮುಖ್ಯೋಪಾಧ್ಯಾಯರಿಂದ ಹೇಳಿಸಿ, ಆಕೆಯನ್ನು ಕಳುಹಿಸಿದೆವು. ಕಂಪ್ಯೂಟರ್ ಬಲ್ಲ ಸಹೋದ್ಯೋಗಿಯೊಬ್ಬರು ಅದೇ ಸಂಜೆ ಪ್ರೋಗ್ರಾಮನ್ನು ತಿದ್ದಿದರು. ತಿಂಗಳ ಕೊನೆಯಲ್ಲಿ ಬಾಕಿಯವರ ಪಟ್ಟಿ ಹೊರಬಂದು ಫಲಕದ ಮೇಲೇರಿತು. ಮೊದಲ ಹೆಸರು ಆ ಹುಡುಗಿಯದು, 304 ರೂಪಾಯಿ 50 ಪೈಸೆ. ಅದನ್ನೂ ತಿದ್ದಲಾಯಿತು. ಮುಂದಿನ ಬೇಸಿಗೆಯಲ್ಲಿ ಅವರ ಮನೆಯವರು ಬೇರೆ ಊರಿಗೆ ಹೋಗುವವರಾಗಿ ಟಿ.ಸಿ. ಕೇಳಲು ಬಂದಾಗ ಅಚ್ಚಾಗಿ ಬಂದ ಚೀಟಿಯಲ್ಲಿ ಮತ್ತೆ ಅದೇ ಸಂಖ್ಯೆ. ಬೀಡಿ ಕಟ್ಟಿ ಮನೆ ನಡೆಸುವ ಆಕೆಯ ತಾಯಿ ಒಂದು ಮಾತೂ ಆಡದೆ ಸೆರಗಿನ ತುದಿಯ ಗಂಟು ಬಿಚ್ಚಿ, ಎಣಿಸಿಟ್ಟಿದ್ದ ಮುನ್ನೂರೈದು ರೂಪಾಯಿಯನ್ನು ಮೇಜಿನ ಮೇಲಿಟ್ಟರು. ಫಲಕದ ಪಟ್ಟಿಯನ್ನು ಯಾರೋ ನೋಡಿ ಅವರಿಗೆ ಹೇಳಿದ್ದರು. ಹಣವನ್ನು ಮರಳಿ ಕೊಟ್ಟೆವು, ವಿಷಯ ವಿವರಿಸಿದೆವು. ಅದೆಲ್ಲ ಸರಿಯೇ. ಆದರೆ ನವೆಂಬರಿನಿಂದ ಬೇಸಿಗೆಯವರೆಗೆ ಆ ಹುಡುಗಿ ಒಂದು ದಿನವೂ ಗ್ರಂಥಾಲಯದ ಬಾಗಿಲು ದಾಟಿರಲಿಲ್ಲವೆಂಬುದು ದಾಖಲೆಯಲ್ಲಿ ಇತ್ತು.

ಪ್ರೋಗ್ರಾಮು ಬರೆದ ಹುಡುಗ ಅಷ್ಟರಲ್ಲಿ ಹತ್ತನೆಯದನ್ನೂ ಪ್ಲಸ್ ಟೂವನ್ನೂ ಮುಗಿಸಿದ್ದ. ಸುದ್ದಿ ತಿಳಿದು ರಜೆಯಲ್ಲಿ ತಾನಾಗಿ ಬಂದು ಎರಡು ಸಂಜೆ ಕುಳಿತು ತಾನೇ ಬರೆದದ್ದನ್ನು ಓದಿದ. ದಂಡದ ಲೆಕ್ಕ ಒಟ್ಟು ಐದು ಕಡೆ ಸಿಕ್ಕಿತು: ಪುಸ್ತಕ ಪಡೆಯುವಲ್ಲಿ, ಹೊಸ ಪುಸ್ತಕ ಕೊಡುವಲ್ಲಿ, ತಿಂಗಳ ಪಟ್ಟಿಯಲ್ಲಿ, ವರ್ಷದ ಮೊತ್ತದಲ್ಲಿ, ಟಿ.ಸಿ. ಚೀಟಿಯಲ್ಲಿ. ಅವನು ಹೇಳಿದ ಮಾತು ನಮಗೆ ಹಿಡಿಸಿತು. “ಸರ್, ದಂಡದ ಲೆಕ್ಕಕ್ಕೆ ಸ್ವಂತ ಮನೆಯೇ ಇಲ್ಲ. ಐದು ಮನೆಗಳಲ್ಲಿ ಬಾಡಿಗೆಗೆ ಇದೆ.”

ಇದೇ ಒಳನಂಟಿನ ಕೊರತೆ. ಇದಕ್ಕೆ ಎರಡು ಮುಖ. ಒಂದೇ ಸಂಗತಿ ಹಲವು ಕಡೆ ಚದರಿರುವುದು ಒಂದು. ಒಂದೇ ಕಡೆ ಹಲವು ಸಂಗತಿಗಳು ಗುಂಪಾಗಿ ಬಿದ್ದಿರುವುದು ಇನ್ನೊಂದು. ಒಂದು ಇದ್ದಲ್ಲಿ ಹೆಚ್ಚಾಗಿ ಮತ್ತೊಂದೂ ಇರುತ್ತದೆ.

ಈ ಮಾತಿಗೆ ಈಗ ಐವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. 1960ರ ದಶಕದಲ್ಲಿ ಕಂಪ್ಯೂಟರುಗಳು ದೊಡ್ಡದಾಗುತ್ತ ಹೋದಂತೆ ಪ್ರೋಗ್ರಾಮುಗಳೂ ಬೆಳೆದು, ಬರೆದವರ ಕೈಗೇ ಸಿಗದಂತಾದವು. ಈ ಸಂಕಟವನ್ನು ಚರ್ಚಿಸಲು 1968ರಲ್ಲಿ ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ ವಿದ್ವಾಂಸರು ಸೇರಿದ್ದರು. ಅದೇ ಕಾಲಕ್ಕೆ ಅಮೆರಿಕದ ಲ್ಯಾರಿ ಕಾನ್‌ಸ್ಟಂಟೈನ್ ಎಂಬವರು, ಕೆಲವು ಪ್ರೋಗ್ರಾಮುಗಳನ್ನು ತಿದ್ದುವುದು ಸುಲಭ, ಕೆಲವನ್ನು ಮುಟ್ಟಿದರೆ ಅನಾಹುತ, ಇದಕ್ಕೆ ಕಾರಣವೇನೆಂದು ಹುಡುಕತೊಡಗಿದ್ದರು. ಅವರಿಗೆ ಕಂಡ ಉತ್ತರ ಎರಡು ಪದಗಳಲ್ಲಿದೆ. ಪ್ರೋಗ್ರಾಮಿನ ಒಂದು ಘಟಕದೊಳಗಿನ ಭಾಗಗಳು ಎಷ್ಟರ ಮಟ್ಟಿಗೆ ಒಂದಕ್ಕೊಂದು ಸೇರಿದವು ಎಂಬುದು ಕೊಹೀಶನ್. ಒಂದು ಘಟಕ ಮತ್ತೊಂದು ಘಟಕಕ್ಕೆ ಎಷ್ಟು ಜೋತುಬಿದ್ದಿದೆ ಎಂಬುದು ಕಪ್ಲಿಂಗ್. ಒಳನಂಟು ಗಟ್ಟಿಯಾಗಿರಬೇಕು, ಹೊರನಂಟು ಸಡಿಲವಾಗಿರಬೇಕು. 1974ರಲ್ಲಿ ಸ್ಟೀವನ್ಸ್, ಮೈಯರ್ಸ್ ಎಂಬಿಬ್ಬರ ಜತೆ ಕಾನ್‌ಸ್ಟಂಟೈನ್ ಬರೆದ ಲೇಖನ ಐಬಿಎಂ ಕಂಪೆನಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಬಳಿಕ ಈ ಪದಗಳು ಎಲ್ಲ ಕಡೆ ಹರಡಿದವು.

ಆ ಲೇಖನದಲ್ಲಿ ಒಂದು ಪರೀಕ್ಷೆ ಇದೆ. ಅದರ ವಿಷಯ ಕೇಳಿದಾಗ ನಮ್ಮ ಕಿವಿ ನೆಟ್ಟಗಾಯಿತು, ಏಕೆಂದರೆ ಅದು ಅಪ್ಪಟ ವ್ಯಾಕರಣದ ಪರೀಕ್ಷೆ. ಒಂದು ಘಟಕ ಏನು ಮಾಡುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ವಾಕ್ಯದಲ್ಲಿ ಅಲ್ಪವಿರಾಮ ಬಂದರೆ, ಒಂದಕ್ಕಿಂತ ಹೆಚ್ಚು ಕ್ರಿಯಾಪದ ಬಂದರೆ, ಆ ಘಟಕ ಬಹುಶಃ ಒಂದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿದೆ. ಮೊದಲು, ಆಮೇಲೆ, ಆಗ ಎಂಬಂಥ ಕಾಲಸೂಚಕ ಪದಗಳು ಬಂದರೆ ಅದರೊಳಗಿನ ಕೆಲಸಗಳನ್ನು ಕೂಡಿಸಿರುವುದು ಕಾಲವೊಂದೇ. ಕರ್ಮಪದ ನಿರ್ದಿಷ್ಟವಾಗಿಲ್ಲದೆ ಎಲ್ಲ, ಮುಂತಾದ ಎಂದು ಜಾರಿಕೊಂಡರೆ ಅಲ್ಲಿ ಬರಿಯ ಗುಂಪುಗೂಡಿಕೆ ಇದೆ.

ಇಂಗ್ಲಿಷಿಗೆ ಈ ಪರೀಕ್ಷೆ ಚೆನ್ನಾಗಿ ಒಪ್ಪುತ್ತದೆ. ಕನ್ನಡದಲ್ಲಿ ಒಂದು ತೊಡಕುಂಟು. “ಪುಸ್ತಕವನ್ನು ಪಡೆದು ದಿನ ಎಣಿಸಿ ದಂಡ ಹಾಕಿ ಚೀಟಿಯನ್ನು ಅಚ್ಚು ಮಾಡುತ್ತದೆ” ಎಂಬ ವಾಕ್ಯ ನೋಡಿ. ಇಲ್ಲಿ ಮತ್ತು ಎಂಬ ಪದವಿಲ್ಲ, ಅಲ್ಪವಿರಾಮವಿಲ್ಲ, ಪೂರ್ಣ ಕ್ರಿಯಾಪದ ಒಂದೇ. ಪರೀಕ್ಷೆಯಲ್ಲಿ ಪಾಸು! ಆದರೆ ಕೆಲಸಗಳು ನಾಲ್ಕು. ಪಡೆದು, ಎಣಿಸಿ, ಹಾಕಿ ಎಂಬ ಕೃದಂತಾವ್ಯಯಗಳ ಮರೆಯಲ್ಲಿ ಮೂರು ಕೆಲಸಗಳು ಅವಿತು ಕುಳಿತಿವೆ. ಇದೇ ರೂಪವನ್ನು ಮಲಯಾಳದವರು ವಿನಯೆಚ್ಚಂ ಎನ್ನುತ್ತಾರೆ; ಅಲ್ಲಿಯೂ ಇದೇ ಆಟ. ಬಂದು ಕೂತು ಉಂಡು ಎದ್ದು ಹೋದ ಎಂದು ಇಡೀ ದಿನವನ್ನೇ ಒಂದು ಉಸಿರಿಗೆ ಪೋಣಿಸಬಲ್ಲ ಭಾಷೆ ನಮ್ಮದು. ಕಥೆ ಹೇಳುವವರಿಗೆ ಅದು ವರ, ಪ್ರೋಗ್ರಾಮು ಬರೆಯುವವರು ಮಾತ್ರ ಸ್ವಲ್ಪ ಎಚ್ಚರವಾಗಿರಬೇಕು. ಆದ್ದರಿಂದ ನಮ್ಮ ಮಕ್ಕಳಿಗೆ ನಾವು ಪರೀಕ್ಷೆಯನ್ನು ಹೀಗೆ ತಿದ್ದಿಕೊಟ್ಟಿದ್ದೇವೆ: ಮತ್ತು, ಹಾಗೂ ಎಂಬವನ್ನು ಮಾತ್ರ ಹುಡುಕಬೇಡಿ. ಕೃದಂತಾವ್ಯಯಗಳನ್ನೂ ಎಣಿಸಿ. ಅದನ್ನೂ ಇದನ್ನೂ ಎಂಬಲ್ಲಿಯ ಊ ಕಾರವನ್ನೂ ಎಣಿಸಿ. ಒಂಬತ್ತನೆಯ ತರಗತಿಯವರು ಆ ವಾರ ಕೃದಂತಗಳನ್ನು ಕಲಿತಷ್ಟು ಹುರುಪಿನಿಂದ ಬೇರೆಂದೂ ಕಲಿತದ್ದನ್ನು ನಾವು ಕಂಡಿಲ್ಲ.

ಹಾಗಾದರೆ ಕೂಡಿರುವುದೆಲ್ಲ ಒಂದೇ ಬಗೆಯೇ? ಅಲ್ಲ. ನಮ್ಮ ಸಮಾಸಗಳಲ್ಲೂ ಗಿಡಮರಬಳ್ಳಿಗಳು ಎಂಬಲ್ಲಿ ಮೂರು ಪದಗಳು ಬರಿದೆ ಪಕ್ಕಪಕ್ಕ ನಿಂತಿವೆ; ಮರಗಾಲು ಎಂಬಲ್ಲಿ ಒಂದು ಪದ ಇನ್ನೊಂದರ ಅರ್ಥದೊಳಕ್ಕೆ ಇಳಿದಿದೆ. ಎಡ್ವರ್ಡ್ ಯೂರ್ಡನ್ ಜತೆಗೂಡಿ ಬರೆದು 1979ರಲ್ಲಿ ಬಂದ ಪುಸ್ತಕದಲ್ಲಿ ಕಾನ್‌ಸ್ಟಂಟೈನ್ ಒಳನಂಟಿಗೆ ಏಳು ಮೆಟ್ಟಿಲುಗಳನ್ನು ಹೇಳುತ್ತಾರೆ. ಎಲ್ಲಕ್ಕಿಂತ ಕೆಳಗಿನದು ಆಕಸ್ಮಿಕ. ಪ್ರತಿ ಮನೆಯ ಅಡುಗೆಮನೆಯಲ್ಲೂ ಒಂದು ಡಬ್ಬ ಇರುತ್ತದೆ: ಗುಂಡಿ, ಸೂಜಿ, ರಬ್ಬರು, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಕೀಲಿಕೈ. ಅವೆಲ್ಲ ಅಲ್ಲಿರುವುದಕ್ಕೆ ಬೇರೆಲ್ಲೂ ಜಾಗವಿಲ್ಲವೆಂಬುದೇ ಕಾರಣ. ಪ್ರೋಗ್ರಾಮುಗಳಲ್ಲಿಯೂ ಇಂಥ ಡಬ್ಬ ಇರುತ್ತದಂತೆ, ಯುಟಿಲಿಟಿ ಎಂಬ ಗೌರವದ ಹೆಸರಿನಲ್ಲಿ. ಅದರ ಮೇಲಿನದು ಜಾತಿಯೊಂದೇ ಎಂದು ಸೇರಿಸಿದ್ದು, ಅರ್ಜಿಗಳೆಲ್ಲ ಒಂದೇ ಖಾನೆಯಲ್ಲಿ ಎಂಬಂತೆ. ಅದಕ್ಕೂ ಮೇಲಿನದು ಹೊತ್ತು ಒಂದೇ ಎಂದು ಸೇರಿಸಿದ್ದು. ಬೆಳಗ್ಗೆ ಶಾಲೆ ತೆರೆಯುವಾಗ ಬೀಗ ತೆಗೆಯುವುದು, ಗಂಟೆ ಹೊಡೆಯುವುದು, ಕುಡಿಯುವ ನೀರು ತುಂಬಿಸುವುದು ಎಲ್ಲವೂ ನಡೆಯುತ್ತವೆ. ಹೊತ್ತನ್ನು ಬಿಟ್ಟರೆ ಅವುಗಳ ನಡುವೆ ನಂಟಿಲ್ಲ. ನಡುವಿನ ಮೆಟ್ಟಿಲುಗಳನ್ನು ಇಲ್ಲಿ ಬಿಡೋಣ. ಎಲ್ಲಕ್ಕಿಂತ ಮೇಲಿನದು ಒಂದೇ ಕೆಲಸಕ್ಕಾಗಿ ಎಲ್ಲ ಭಾಗಗಳೂ ಬೇಕಾಗಿರುವುದು, ಒಂದನ್ನು ತೆಗೆದರೆ ಕೆಲಸ ನಿಲ್ಲುವುದು.

ನಮ್ಮಂಥವರನ್ನು ಹೆಚ್ಚಾಗಿ ಮೋಸಗೊಳಿಸುವುದು ಹೊತ್ತಿನ ನಂಟು. ಕೆಲಸ ನಡೆಯುವ ಕ್ರಮದಲ್ಲಿಯೇ ಅದನ್ನು ಭಾಗ ಮಾಡುವುದು ಎಷ್ಟು ಸಹಜವೆಂದು ತೋರುತ್ತದೆ! ಇದು ಸರಿಯಲ್ಲವೆಂದು 1972ರಲ್ಲಿಯೇ ಡೇವಿಡ್ ಪಾರ್ನಾಸ್ ಎಂಬ ವಿದ್ವಾಂಸರು ಒಂದು ಪುಟ್ಟ ಉದಾಹರಣೆಯಿಂದ ತೋರಿಸಿದರು. ಅವರು ಆರಿಸಿಕೊಂಡದ್ದು ಪದಸೂಚಿ ತಯಾರಿಸುವ ಪ್ರೋಗ್ರಾಮು. ಒಂದು ಸಾಲನ್ನು ಅದರ ಪ್ರತಿಯೊಂದು ಪದವೂ ಮೊದಲಿಗೆ ಬರುವಂತೆ ತಿರುಗಿಸಿ ಬರೆಯಬೇಕು. ನಮ್ಮ ಊರಿನ ಕೆರೆ ಎಂಬ ಸಾಲು ಊರಿನ ಕೆರೆ ನಮ್ಮ ಎಂದೂ ಕೆರೆ ನಮ್ಮ ಊರಿನ ಎಂದೂ ಆಗಬೇಕು. ಹೀಗೆ ಎಲ್ಲ ಸಾಲುಗಳನ್ನೂ ತಿರುಗಿಸಿ ಅಕಾರಾದಿಯಾಗಿ ಜೋಡಿಸಿದರೆ ಯಾವ ಪದದಿಂದ ಹುಡುಕಿದರೂ ಸಾಲು ಸಿಗುತ್ತದೆ. ಕೆಲಸದ ಕ್ರಮದಲ್ಲಿ ಭಾಗ ಮಾಡಿದರೆ ಓದುವ ಘಟಕ, ತಿರುಗಿಸುವ ಘಟಕ, ಜೋಡಿಸುವ ಘಟಕ, ಅಚ್ಚು ಮಾಡುವ ಘಟಕ ಎಂದಾಗುತ್ತದೆ. ನೋಡಲು ಅಂದವೇ. ಆದರೆ ಸಾಲುಗಳನ್ನು ಕಂಪ್ಯೂಟರಿನ ನೆನಪಿನಲ್ಲಿ ಯಾವ ರೂಪದಲ್ಲಿ ಇಟ್ಟಿದೆ ಎಂಬುದು ಈ ಎಲ್ಲ ಘಟಕಗಳಿಗೂ ಗೊತ್ತಿರಬೇಕು. ನಾಳೆ ಆ ರೂಪವನ್ನು ಬದಲಾಯಿಸಿದರೆ ಎಲ್ಲವನ್ನೂ ತಿದ್ದಬೇಕು. ಪಾರ್ನಾಸ್ ಇನ್ನೊಂದು ಬಗೆಯಲ್ಲಿ ಭಾಗ ಮಾಡಿದರು. ಮುಂದೆ ಬದಲಾಗಬಹುದಾದ ತೀರ್ಮಾನಗಳನ್ನು ಪಟ್ಟಿ ಮಾಡಿ, ಒಂದೊಂದು ತೀರ್ಮಾನವನ್ನು ಒಂದೊಂದು ಘಟಕದೊಳಗೆ ಗುಟ್ಟಾಗಿ ಇಟ್ಟರು. ಸಾಲುಗಳನ್ನು ಇಡುವ ರೂಪದ ಗುಟ್ಟು ಒಂದೇ ಘಟಕಕ್ಕೆ ಗೊತ್ತು. ಉಳಿದವು ಅದನ್ನು ಕೇಳಿ ತಿಳಿದುಕೊಳ್ಳುತ್ತವೆ. ಭಾಗವತರು ಪದ ಎತ್ತುತ್ತಾರೆ, ಮದ್ದಳೆಯ ಕೈ ಹೇಗೆ ಬೀಳಬೇಕೆಂಬುದು ಮದ್ದಳೆಗಾರರ ವಿದ್ಯೆ. ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲ. ಹೆಚ್ಚು ಕಡಿಮೆ ಹಾಗೆಯೇ.

ನಿಯಮಗಳು ಬದಲಾಗುತ್ತಲೇ ಇರುತ್ತವೆ ಎಂಬುದು ಮೇಷ್ಟ್ರುಗಳಿಗೆ ಬೇರೆ ಹೇಳಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ.ಗೆ 2005ರಲ್ಲಿ ಅಂಕಗಳ ಬದಲು ದರ್ಜೆಗಳು ಬಂದವು. 2024–25ರಲ್ಲಿ ಎಂಟನೆಯ ತರಗತಿಯ ಲಿಖಿತ ಪರೀಕ್ಷೆಗೆ ಶೇಕಡಾ 30 ಕನಿಷ್ಠ ಅಂಕದ ನಿಯಮ ಬಂತು. ಇಂಥ ನಿಯಮವೊಂದು ಬಂದಾಗ ಅಂಕಪಟ್ಟಿಯ ಪ್ರೋಗ್ರಾಮಿನಲ್ಲಿ ಒಂದು ಕಡೆ ತಿದ್ದಿದರೆ ಸಾಕೇ, ಹದಿನೇಳು ಕಡೆ ತಿದ್ದಬೇಕೇ? ಒಳನಂಟು ಇದೆಯೋ ಇಲ್ಲವೋ ಎಂಬುದು ಆ ಹೊತ್ತಿಗೆ ಗೊತ್ತಾಗುತ್ತದೆ. ನೆಟ್ಟಗೆ ನಡೆಯುತ್ತಿರುವಾಗ ಒಳ್ಳೆಯ ಪ್ರೋಗ್ರಾಮಿಗೂ ಕೆಟ್ಟದ್ದಕ್ಕೂ ಹೊರಗಿನಿಂದ ಯಾವ ವ್ಯತ್ಯಾಸವೂ ಕಾಣದು.

ಇನ್ನು ಆಬ್ಜೆಕ್ಟುಗಳ ವಿಷಯ. ನಾರ್ವೆಯ ಓಸ್ಲೋ ನಗರದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಎಂಬಿಬ್ಬರು 1960ರ ದಶಕದಲ್ಲಿ ಸಿಮುಲಾ ಎಂಬ ಭಾಷೆಯನ್ನು ರೂಪಿಸಿದರು. ಹೊರಜಗತ್ತಿನಲ್ಲಿ ನಡೆಯುವ ವ್ಯವಹಾರಗಳನ್ನು ಕಂಪ್ಯೂಟರಿನೊಳಗೆ ಅಣಕು ಮಾಡಿ ನೋಡುವುದು ಅವರ ಉದ್ದೇಶ. ಅದಕ್ಕಾಗಿ ಮಾಹಿತಿಯನ್ನೂ ಆ ಮಾಹಿತಿಯ ಮೇಲೆ ನಡೆಯುವ ಕೆಲಸಗಳನ್ನೂ ಒಂದೇ ಕಟ್ಟಾಗಿ ಕಟ್ಟಿದರು. ಆ ಕಟ್ಟೇ ಆಬ್ಜೆಕ್ಟು. ಅದರ ಅಚ್ಚು ಕ್ಲಾಸು. ಇಬ್ಬರಿಗೂ 2001ರ ಟ್ಯೂರಿಂಗ್ ಪ್ರಶಸ್ತಿ ಬಂತು. 2002ರಲ್ಲಿ ಇಬ್ಬರೂ ತೀರಿಹೋದರು. ನಮ್ಮ ಮಕ್ಕಳಿಗೆ ನಾವು ಹೇಳುವ ಹೋಲಿಕೆ ಹೀಗಿದೆ. ಶಾಲೆಗೆ ಸೇರುವಾಗ ತುಂಬಿಸುವ ಖಾಲಿ ಅರ್ಜಿ ಒಂದು ಕ್ಲಾಸು. ತುಂಬಿಸಿದ ಒಂದೊಂದು ಹಾಳೆಯೂ ಒಂದೊಂದು ಆಬ್ಜೆಕ್ಟು. ಆ ಹಾಳೆಗೆ ಬಾಯಿ ಬಂದು, ನಿನ್ನ ವಯಸ್ಸೆಷ್ಟು ಎಂದು ಕೇಳಿದರೆ ತನ್ನಲ್ಲಿರುವ ಹುಟ್ಟಿದ ದಿನವನ್ನು ನೋಡಿ ತಾನೇ ಎಣಿಸಿ ಹೇಳುವುದಾದರೆ, ಆ ಎಣಿಸುವಿಕೆ ಒಂದು ಮೆಥಡ್. ಮಾಹಿತಿ ಎಲ್ಲಿದೆಯೋ ಕೆಲಸವೂ ಅಲ್ಲೇ.

ಹೀಗೆ ಕಟ್ಟುವ ವಿಧಾನ ಬಂದುಬಿಟ್ಟರೆ ಒಳನಂಟು ತಾನಾಗಿ ಬರುತ್ತದೆಯೇ? ಬರುವುದಿಲ್ಲ. ಅಡುಗೆಮನೆಯ ಡಬ್ಬಕ್ಕೂ ಕ್ಲಾಸ್ ಎಂಬ ಚೀಟಿ ಅಂಟಿಸಬಹುದು. ಅಮೆರಿಕದ ಎಂ.ಐ.ಟಿ.ಯಲ್ಲಿ ಶ್ಯಾಮ್ ಚಿದಂಬರ್ ಮತ್ತು ಕ್ರಿಸ್ ಕೆಮೆರರ್ ಇದನ್ನು ಅಳೆಯಲು ಒಂದು ಲೆಕ್ಕ ಹುಡುಕಿ 1994ರಲ್ಲಿ ಪ್ರಕಟಿಸಿದರು. ಹತ್ತನೆಯ ತರಗತಿಯ ಗಣಿತ ಸಾಕು, ಮಾಡಿ ನೋಡಿ. ವಿದ್ಯಾರ್ಥಿ ಎಂಬ ಕ್ಲಾಸಿನಲ್ಲಿ ಅಂಕಗಳು, ಪುಸ್ತಕಗಳು ಎಂಬ ಎರಡು ಮಾಹಿತಿಗಳಿವೆ ಎನ್ನಿ. ಮೊತ್ತ ಹೇಳುವುದು, ದರ್ಜೆ ಹೇಳುವುದು ಎಂಬ ಎರಡು ಮೆಥಡ್‌ಗಳು ಅಂಕಗಳನ್ನು ಮುಟ್ಟುತ್ತವೆ. ಪುಸ್ತಕ ಸೇರಿಸುವುದು, ಪುಸ್ತಕ ತೆಗೆಯುವುದು ಎಂಬ ಇನ್ನೆರಡು ಪುಸ್ತಕಗಳನ್ನು ಮುಟ್ಟುತ್ತವೆ. ನಾಲ್ಕು ಮೆಥಡ್‌ಗಳಿಂದ ಇಬ್ಬಿಬ್ಬರ ಜೋಡಿಗಳು 6. ಒಂದೇ ಮಾಹಿತಿಯನ್ನು ಇಬ್ಬರೂ ಮುಟ್ಟುವ ಜೋಡಿಗಳು 2. ಏನನ್ನೂ ಹಂಚಿಕೊಳ್ಳದವು 4. ಹಂಚಿಕೊಳ್ಳದವುಗಳಿಂದ ಹಂಚಿಕೊಳ್ಳುವವನ್ನು ಕಳೆದರೆ ಉಳಿದದ್ದು 2. ಅದೇ ಒಳನಂಟಿನ ಕೊರತೆಯ ಅಳತೆ. ಕ್ಲಾಸನ್ನು ಅಂಕಪಟ್ಟಿ, ಪುಸ್ತಕಪಟ್ಟಿ ಎಂದು ಎರಡಾಗಿ ಒಡೆದರೆ ಎರಡರಲ್ಲೂ ಕೊರತೆ ಸೊನ್ನೆ.

ಲೆಕ್ಕ ಚೆಲುವಾಗಿದೆ, ಆದರೆ ಅದನ್ನು ಕುರುಡಾಗಿ ನಂಬಲು ನಾವು ಸಿದ್ಧರಿಲ್ಲ. ಅದೇ ಕ್ಲಾಸಿಗೆ ಹೆಸರು ಎಂಬ ಮಾಹಿತಿಯನ್ನು ಸೇರಿಸಿ, ನಾಲ್ಕು ಮೆಥಡ್‌ಗಳೂ ಮೊದಲಿಗೆ ಹೆಸರನ್ನು ಒಮ್ಮೆ ಮುಟ್ಟುವಂತೆ ಬರೆದರೆ? ಆರೂ ಜೋಡಿಗಳು ಹಂಚಿಕೊಳ್ಳುವವಾಗುತ್ತವೆ. ಹಂಚಿಕೊಳ್ಳದವು ಹೆಚ್ಚಾಗಿಲ್ಲದಿದ್ದರೆ ಕೊರತೆ ಸೊನ್ನೆಯೆಂದೇ ನಿಯಮ. ಒಳಗಿನ ಗೋಜಲು ಹಾಗೆಯೇ ಇದೆ, ಅಂಕ ಮಾತ್ರ ಪೂರ್ತಿ! ಉತ್ತರಪತ್ರಿಕೆಯ ಪ್ರತಿ ಪುಟದ ತುದಿಯಲ್ಲೂ ಓಂ ಬರೆದು ಪಾಸಾಗಲು ನೋಡುವವರನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಅಳತೆಗೋಲು ಎಲ್ಲಿ ನೋಡಬೇಕೆಂದು ಹೇಳೀತು. ಒಂದು ಸಂಗತಿ ಯಾವುದಕ್ಕೆ ಸೇರಿದ್ದೆಂಬ ತೀರ್ಮಾನವನ್ನು ಕುಳಿತು ಯೋಚಿಸಿಯೇ ಮಾಡಬೇಕು.

ಕುಳಿತು ಯೋಚಿಸುವುದಕ್ಕೆ ಕಂಪ್ಯೂಟರೇ ಬೇಡದ ಒಂದು ಉಪಾಯವನ್ನು 1989ರಲ್ಲಿ ಕೆಂಟ್ ಬೆಕ್ ಮತ್ತು ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು ಹೇಳಿಕೊಟ್ಟರು. ಒಂದೊಂದು ಕ್ಲಾಸಿಗೂ ಒಂದೊಂದು ಸಣ್ಣ ರಟ್ಟಿನ ಚೀಟಿ. ಅದರ ಮೇಲೆ ಹೆಸರು, ಎಡಕ್ಕೆ ಅದರ ಹೊಣೆಗಳು, ಬಲಕ್ಕೆ ಅದು ಯಾರ ನೆರವು ಪಡೆಯುತ್ತದೆ ಎಂಬುದು. ಚೀಟಿ ಚಿಕ್ಕದಾಗಿರುವುದರಲ್ಲಿಯೇ ಗುಟ್ಟಿದೆ: ಹೊಣೆಗಳು ಅದರಲ್ಲಿ ಹಿಡಿಸದಿದ್ದರೆ ಆ ಕ್ಲಾಸು ಹೊರಲಾರದ ಹೊರೆ ಹೊತ್ತಿದೆ ಎಂದರ್ಥ.

ಈ ವರ್ಷ ನಮ್ಮ ಲಿಟ್ಲ್ ಕೈಟ್ಸ್ ಘಟಕದ ಮಕ್ಕಳು ಗ್ರಂಥಾಲಯದ ಪ್ರೋಗ್ರಾಮನ್ನು ಹೊಸದಾಗಿ ಬರೆಯುವುದಕ್ಕೆ ಹೊರಟಿದ್ದಾರೆ. ಹಳೆಯದಕ್ಕೆ ಆ ಹಳೆ ವಿದ್ಯಾರ್ಥಿ ಐದು ಕಡೆಯೂ ತೇಪೆ ಹಾಕಿಕೊಟ್ಟಿದ್ದಾನೆ; ಆದರೆ ಬಿಡಿಸಿ ಕಟ್ಟದೆ ಬೇರೆ ದಾರಿಯಿಲ್ಲವೆಂದು ಅವನೇ ಹೇಳಿಹೋಗಿದ್ದ. ಮದುವೆಯ ಕರೆಯೋಲೆಗಳ ಖಾಲಿ ಬದಿಯನ್ನು ಕತ್ತರಿಸಿ ಚೀಟಿಗಳನ್ನು ಮಾಡಿಕೊಂಡೆವು. ಪುಸ್ತಕ, ಓದುಗ ಎಂಬ ಎರಡು ಚೀಟಿಗಳು ಕೂಡಲೇ ಸಿದ್ಧವಾದವು. ದಂಡದ ಲೆಕ್ಕವನ್ನು ಯಾವುದರಲ್ಲಿ ಬರೆಯುವುದು ಎಂಬಲ್ಲಿ ಜಗಳ ಎದ್ದಿತು.

ತಡವಾದದ್ದು ಪುಸ್ತಕ, ಆದ್ದರಿಂದ ಪುಸ್ತಕದ ಚೀಟಿಯಲ್ಲಿ ಎಂದು ಒಬ್ಬ. ದಂಡ ಕೊಡುವವನು ಓದುಗ, ಪುಸ್ತಕಕ್ಕೆ ಕಿಸೆ ಇದೆಯಾ ಎಂದು ಇನ್ನೊಬ್ಬ. ಅವನ ಪಕ್ಷಕ್ಕೆ ಕೈಗಳು ಹೆಚ್ಚು ಎದ್ದವು. ಓದುಗನ ಚೀಟಿಯಲ್ಲಿ ದಂಡವೆಂದು ಬರೆದೂ ಆಯಿತು. ಆಗ ಒಬ್ಬ ಹುಡುಗಿ, ಒಂದೇ ಸಲ ಮೂರು ಪುಸ್ತಕ ತೆಗೆದುಕೊಂಡವನಿಗೆ ಕೊಟ್ಟ ದಿನ ಯಾವುದು, ಮರಳಿಸಬೇಕಾದ ದಿನ ಯಾವುದು ಎಂದು ಕೇಳಿದಳು. ಮೂರಕ್ಕೂ ಬೇರೆ ಬೇರೆ ಎಂದರು. ಹಾಗಾದರೆ ದಿನಗಳು ಓದುಗನ ಹತ್ತಿರ ಇಲ್ಲ ಎಂದಳು. ಪುಸ್ತಕದಲ್ಲಿ ಬರೆಯೋಣವೆಂದರೆ ಅದೇ ಪುಸ್ತಕ ವರ್ಷಕ್ಕೆ ಇಪ್ಪತ್ತು ಜನರ ಕೈಗೆ ಹೋಗುತ್ತದೆ. ಹಾಗಾದರೆ ಪುಸ್ತಕದ ಹತ್ತಿರವೂ ಇಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆಕೆಯೇ ಹೊಸ ಚೀಟಿಯೊಂದನ್ನು ತೆಗೆದು ಅದರ ಮೇಲೆ ಎರವಲು ಎಂದು ಬರೆದಳು. ಯಾರು, ಯಾವ ಪುಸ್ತಕ, ಕೊಟ್ಟ ದಿನ, ಮರಳಬೇಕಾದ ದಿನ, ಮರಳಿದ ದಿನ — ಎಲ್ಲವೂ ಅದರದೇ ಮಾಹಿತಿ. ದಂಡವೂ ಅಲ್ಲೇ.

ಕೈಯಲ್ಲಿ ಹಿಡಿಯಬಹುದಾದ ಪುಸ್ತಕ, ಕಣ್ಣಿಗೆ ಕಾಣುವ ಓದುಗ ಇವರಿಬ್ಬರನ್ನೇ ಎಲ್ಲರೂ ನೋಡುತ್ತಿದ್ದರು. ಅವರಿಬ್ಬರ ನಡುವೆ ನಡೆಯುವ ವ್ಯವಹಾರಕ್ಕೆ ಒಂದು ಹೆಸರಿದೆ, ಅದೂ ಒಂದು ವಸ್ತುವಾಗಬಲ್ಲುದು ಎಂಬುದು ಕನ್ನಡ ಬಲ್ಲ ಹುಡುಗಿಗೆ ಹೊಳೆಯಿತು. ಎರವಲು ಎಂಬ ಪದವನ್ನು ಆಕೆ ಕಲಿತದ್ದು ಮನೆಯಲ್ಲಿ, ಪಕ್ಕದ ಮನೆಯಿಂದ ಸಕ್ಕರೆ ತರಲು ಹೋದಾಗ.

ಅಲ್ಲಿಗೂ ಮುಗಿಯಲಿಲ್ಲ. ಶಾಲೆ ಮುಚ್ಚಿದ್ದ ದಿನಗಳನ್ನು ಬಿಟ್ಟು ಎಣಿಸಬೇಕಲ್ಲ, ರಜೆಗಳು ಎರವಲಿಗೆ ಹೇಗೆ ಗೊತ್ತು ಎಂದು ಎಂಟನೆಯ ತರಗತಿಯ ಪುಟ್ಟವನೊಬ್ಬ ಕೇಳಿದ. ರಜೆಗಳ ಪಟ್ಟಿಯನ್ನೂ ಎರವಲಿನೊಳಗೆ ತುರುಕಿದರೆ ವಾಕ್ಯದಲ್ಲಿ ಊ ಕಾರ ಬರುತ್ತದೆ ಎಂದು ಒಂಬತ್ತನೆಯವರು ಎಚ್ಚರಿಸಿದರು. ಹಾಗಾಗಿ ಶಾಲಾ ಪಂಚಾಂಗ ಎಂಬ ನಾಲ್ಕನೆಯ ಚೀಟಿ ಹುಟ್ಟಿತು. ಅದಕ್ಕೆ ಒಂದೇ ಹೊಣೆ, ಈ ದಿನ ಶಾಲೆ ಇತ್ತೇ ಎಂದು ಕೇಳಿದರೆ ಹೇಳುವುದು. ಎರವಲಿನ ಚೀಟಿಯ ಬಲಗಡೆಯಲ್ಲಿ ಅದರ ಹೆಸರು ಬಿತ್ತು. ಪ್ರೋಗ್ರಾಮು ಇನ್ನೂ ಬರೆಯುತ್ತಿದ್ದಾರೆ. ಮೊದಲ ಪರೀಕ್ಷೆಗೆಂದು ಮಕ್ಕಳು ಆರಿಸಿಕೊಂಡಿರುವುದು 2020ರ ಮಾರ್ಚ್ 16ರಿಂದ 2021ರ ನವೆಂಬರ್ 15ರವರೆಗಿನ ಎರವಲು.

ಹಾಳಾದ ಪುಸ್ತಕದ ಬೆಲೆಯನ್ನು ಯಾವ ಚೀಟಿ ಹೇಳಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಚೀಟಿಗಳು ಗ್ರಂಥಾಲಯದ ಮೇಜಿನ ಎಡಗಡೆಯ ಖಾನೆಯಲ್ಲಿವೆ. ಮಧ್ಯಾಹ್ನದ ಬಿಡುವಿನಲ್ಲಿ ಯಾರೂ ಬಂದು ನೋಡಬಹುದು, ಹೆತ್ತವರೂ ಬರಬಹುದು. ಖಾಲಿ ಚೀಟಿಗಳೂ ಬೇಕಾದಷ್ಟಿವೆ.